ಕೆಂಪು ದಾರದ ಗುಂಡಿ

ಮುಂದಿನ ಸೀಟಿನ ಹೆಂಗಸಿನ ಚೀಲದ ಹಿಡಿಕೆಗೆ ಕೆಂಪು ದಾರ ಸುತ್ತಿದೆ, ಕೋರ್ಟಿನ ಕಡತ ಕಟ್ಟುವ ದಾರದ್ದೇ ಬಣ್ಣ, ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ — ಪಕ್ಕದ ಸೀಟು ಯಲ್ಲಾಪುರ ಬಿಟ್ಟಾಗಿನಿಂದ ಖಾಲಿ, ಯಾರೋ ಗುರುತು ಹಿಡಿದು ಜಡ್ಜ್ ಸಾಹೇಬ್ರು ಎಂದು ಪಿಸುಗುಟ್ಟಿದರು, ಅಷ್ಟಕ್ಕೇ ಜನ ನಿಂತೇ ಬರುತ್ತಿದ್ದಾರೆ, ಪುಣ್ಯಾತ್ಮರು, ನಾನು ನಿವೃತ್ತನಾಗಿ ವರ್ಷವಾಯಿತು, ಪಕ್ಕದಲ್ಲಿ ಕೂತರೆ ನ್ಯಾಯಾಂಗ ನಿಂದನೆಯಾಗುವುದಿಲ್ಲ ಎಂದು ಇವರಿಗೆ ಯಾರು ಹೇಳಬೇಕು. ಕಾರು ಬೇಡವೆಂದವನು ನಾನೇ, ಕೆರಿಯನ ಅಂಗಳದಲ್ಲಿ ಕಾರಿನಿಂದಿಳಿದು ತಪ್ಪು ನನ್ನದು ಎನ್ನುವುದು ಹೇಗೆ. ಹಿಂದೆ ನಾನು ಶಿರಸಿಯಲ್ಲಿ ವಕೀಲನಾಗಿದ್ದಾಗ ಹೀಗೇ ಬಸ್ಸಿನಲ್ಲಿ ಕೆರಿಯ ಪಕ್ಕದಲ್ಲಿ ಕೂರುತ್ತಿದ್ದ, ತೊಡೆಯ ಮೇಲೆ ನನ್ನ ಕಡತಗಳ ಕಟ್ಟು, ಸೋಮವಾರ ಸಿದ್ದಾಪುರ, ಬುಧವಾರ ಯಲ್ಲಾಪುರ, ಉಳಿದ ದಿನ ಶಿರಸಿ, ಹದಿನಾಲ್ಕು ವರ್ಷ ಹೊತ್ತ, ಓದು ಬಾರದವನು ಬರೀ ದಾರದ ಗಂಟು ನೋಡಿ ಇದು ಯಾರ ಕೇಸು ಎಂದು ಹೇಳುತ್ತಿದ್ದ. ತೊಂಬತ್ತರಲ್ಲಿ ನಾನು ಬೆಂಗಳೂರಿನ ಹೈಕೋರ್ಟಿನಲ್ಲಿ ವಕೀಲಿ ಮಾಡಲು ಹೊರಟಾಗ ಹಳೆಯ ಕರಿ ಕೋಟು ಅವನಿಗೆ ಕೊಟ್ಟೆ, ಒಂದು ಗುಂಡಿ ಬಿದ್ದುಹೋಗಿತ್ತು, ಅಲ್ಲೇ ಕೂತು ಕಡತದ ಕೆಂಪು ದಾರ ಬಿಚ್ಚಿ ಬಿಳಿ ಗುಂಡಿ ಹೊಲಿದ, ಕರಿ ಕೋಟಿಗೆ ಬಿಳಿ ಗುಂಡಿಯೇನೋ ಎಂದರೆ, ನಾ ಎಂತ ಕೇಸು ನಡೆಸೂದುಂಟಾ ವಕೀಲ್ರೆ, ಚಳಿಗೆ ಸಾಕು ಎಂದು ನಕ್ಕ.

ಏಳು ವರ್ಷಕ್ಕೆ ಹೈಕೋರ್ಟಿನ ನ್ಯಾಯಮೂರ್ತಿಯಾದೆ, ಪ್ರಮಾಣವಚನದ ದಿನ ಎಲ್ಲರೂ ಹಾರ ಹಾಕುತ್ತಿದ್ದರೆ ಹೆಂಡತಿ ರಾಜೀವಿ ಮಾತ್ರ ಮೆಲ್ಲಗೆ, ಇನ್ನು ನಮ್ಮನೆಗೆ ಯಾರೂ ಬತ್ವಿಲ್ಲೆ ನೋಡಿ ಎಂದಳು, ಹಾಗೇ ಆಯಿತು, ಬಂದವರಿಗೆಲ್ಲ ಕೇಸಿತ್ತು, ಕೇಸಿಲ್ಲದವರನ್ನು ನಾನೇ ದೂರವಿಟ್ಟೆ, ಮದುವೆ ಮುಂಜಿ ಎಲ್ಲ ಬಿಟ್ಟೆ, ಈಗ ಅವಳೂ ಇಲ್ಲ, ಒಬ್ಬನೇ ಉಣ್ಣುವುದು ಅಭ್ಯಾಸವಾಗಿದೆ ಎನ್ನುತ್ತೇನೆ, ಸುಳ್ಳು, ಆಗಿಲ್ಲ. ಎರಡು ಸಾವಿರದ ಎರಡರ ಬೇಸಿಗೆ ರಜೆ, ತುರ್ತು ಅರ್ಜಿ ಕೇಳಲು ಆ ದಿನ ನಾನೊಬ್ಬನೇ, ಅರಣ್ಯದ ಜಾಗವೆಂದು ಎಬ್ಬಿಸುತ್ತಿದ್ದಾರೆ, ಮನೆ ಕೆಡವದಂತೆ ತಡೆ ಬೇಕು, ಪುಟ ತಿರುವಿದರೆ ಮನೆಯ ಫೋಟೊ, ಮುಂದೆ ಕರಿ ಕೋಟು ತೊಟ್ಟವನೊಬ್ಬ, ಮುಖಕ್ಕಿಂತ ಮೊದಲು ಬಿಳಿ ಗುಂಡಿ ಕಂಡಿತು, ಕೆರಿಯ. ಪರಿಚಯದವನ ಕೇಸು ಕೇಳಬಾರದು, ನಿಜ, ನನ್ನ ಮುಂದೆ ಬೇಡ, ಬೇರೆ ಪೀಠಕ್ಕೆ ಕಳಿಸಿ ಎಂದು ಬರೆಸಿದೆ, ಅರ್ಧ ನಿಮಿಷದ ಕೆಲಸ, ಎಷ್ಟು ಶುದ್ಧ ಮನುಷ್ಯ ನಾನು ಎಂದುಕೊಂಡು ಮಧ್ಯಾಹ್ನ ಹೊಟ್ಟೆತುಂಬ ಉಂಡೆ. ಬೇರೆ ಪೀಠ ಕೂರುವುದು ಮಂಗಳವಾರ, ಶನಿವಾರವೇ ಮನೆ ಕೆಡವಿದರು. ಮಂಗಳವಾರದವರೆಗೆ ಯಾರೂ ಮನೆ ಮುಟ್ಟಬಾರದು ಎಂದು ಒಂದು ಸಾಲು ಸೇರಿಸಿ ಕಳಿಸಬಹುದಿತ್ತು, ಅದಕ್ಕೆ ಅವಕಾಶವಿತ್ತು, ನನಗೆ ಗೊತ್ತಿತ್ತು — ಊರಿನವನಿಗೆ ಮಾಡಿಕೊಟ್ಟ ಎಂದು ವಕೀಲರು ಆಡಿಕೊಂಡಾರು ಎಂಬ ಹೆದರಿಕೆ, ಹೆದರಿಕೆಯೇ, ಶುದ್ಧಿಯಲ್ಲ.

ಇಡಗುಂದಿ ಬರ್ರಿ, ಇಳಿಯೋರು ಬರ್ರಿ, ಕಂಡಕ್ಟರ್ ಕೂಗಿದ — ಇಳಿದೆ, ಕೇಳುತ್ತ ಕೇಳುತ್ತ ನಡೆದೆ, ಕೆರಿಯನ ತಂಗಿಯ ಗದ್ದೆಯಂಚಿಗೆ ತಗಡಿನ ಮಾಡಿನ ಗುಡಿಸಲು, ಬಾಗಿಲಲ್ಲಿ ಅವನ ಹೆಂಡತಿ ತಿಮ್ಮಿ, ಅಯ್ಯೋ ವಕೀಲ್ರು ಬಂದ್ರು, ಏ ಇವ್ರೇ ಎಂದು ಕೂಗುತ್ತಾಳೆ, ನನ್ನನ್ನು ಇನ್ನೂ ವಕೀಲ್ರು ಎನ್ನುವವರು ಲೋಕದಲ್ಲಿ ಇವರಿಬ್ಬರೇ ಇರಬೇಕು, ತಪ್ಪು ನನ್ನದು ಕೆರಿಯ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ ಮಾತು, ಅವನು ಹೊರಗೆ ಇಣುಕಿ ಮತ್ತೆ ಒಳಗೆ ಹೋದ, ಸಿಟ್ಟೇ ಇರಬೇಕು, ಇರಲಿ, ಬೈದರೆ ಒಳ್ಳೆಯದು — ಇಲ್ಲ, ಕೋಟು ಹಾಕಿಕೊಂಡು ಬಂದ, ಈ ಬಿಸಿಲಲ್ಲಿ, ಮೇಲಿನವರೆಗೂ ಗುಂಡಿ ಹಾಕಿ, ಕೈಮುಗಿದು, ಕೂತ್ಕಳಿ ವಕೀಲ್ರೆ, ನಮ್ಮ ಕೇಸು ನಿಮ್ಮ ಕೈಗೆ ಬಂದಿದ್ರೆ ಮನೆ ಉಳೀತಿತ್ತು, ಯಾರೋ ಪುಣ್ಯಾತ್ಮ ನೋಡದೇ ಕಳಿಸಿಬಿಟ್ನಂತೆ, ಕೂತ್ಕಳಿ — ಕೆರಿಯ, ತಪ್ಪು, ಕೆರಿಯ — ಕರಿ ಕೋಟು, ಬಿಳಿ ಗುಂಡಿ, ಕೆಂಪು ದಾರ ಇನ್ನೂ ಬಿಟ್ಟಿಲ್ಲ.