ಕೆಂಪು ಗುರುತಿನ ರಿಲೇ

ಹಾರ್ನ್ ನಿಲ್ಲುತ್ತಲೇ ಇರಲಿಲ್ಲ. ಚಟ್ಟ ಕಟ್ಟಲು ಜಾಗ ಮಾಡೋಣವೆಂದು ಅಳಿಯ ಆತ್ರೇಯ ಕಿಟಕಿಯೊಳಗೆ ಕೈ ಹಾಕಿ ಸ್ಟೀರಿಂಗ್ ಹಿಡಿದು, ಮಾವನ ಹಳೆಯ ಕಾರನ್ನು ತಳ್ಳಿಸಿದ್ದ. ಅಂಗೈ ತಾಗಿ ಶುರುವಾದ ಸದ್ದು ಕೈ ತೆಗೆದ ಮೇಲೂ ಹಾಗೇ ಕೂಗುತ್ತಿತ್ತು. ಒಳಗೆ ಪುರೋಹಿತರ ಮಂತ್ರ ಅವರಿಗೇ ಕೇಳಿಸದಾಯಿತು.

ರಸ್ತೆಯ ಆಚೆ ಬದಿಯ ಮರದ ಕೆಳಗೆ ನಿಂತಿದ್ದ ಶಂಭುಲಿಂಗಪ್ಪ ತಡೆಯಲಾರದೆ ಗೇಟು ದಾಟಿ ಬಂದ. ಚಾಮರಾಜಪೇಟೆಯಲ್ಲಿ ನಲವತ್ತು ವರ್ಷ ಕಾರುಗಳ ವೈರಿಂಗ್ ಕೆಲಸ ಮಾಡಿದವನು. ಬಾನೆಟ್ ಎತ್ತಿ, ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕರಿ ಡಬ್ಬಿಯೊಂದನ್ನು ಕಿತ್ತ. ಸದ್ದು ನಿಂತಿತು.

"ಹಾರ್ನ್ ರಿಲೇ ಸಾರ್. ಒಳಗಿನ ಸ್ವಿಚ್ಚು ಅಂಟ್ಕೊಂಡ್ಬಿಟ್ಟಿದೆ. ಅದಕ್ಕೇ ಕರೆಂಟ್ ಹೋಗ್ತಾನೇ ಇತ್ತು."

ಆತ್ರೇಯ ಉಸಿರು ಬಿಡುವಷ್ಟರಲ್ಲಿ ಹೆಂಡತಿ ಸುಪ್ರಜಾ ಮೆಟ್ಟಿಲಿಳಿದು ಬಂದಳು. ಒಳಗೆ ಹೆಣವಾಗಿ ಮಲಗಿದ್ದ ದೊರೆಸ್ವಾಮಿಯವರ ಒಬ್ಬಳೇ ಮಗಳು.

"ಇವರನ್ನ ಯಾರು ಕರೆದ್ರು?"

"ಯಾರೂ ಕರೀಲಿಲ್ಲಮ್ಮ. ಕೊನೇದಾಗಿ ನೋಡ್ಕೊಂಡು ಹೋಗೋಣ ಅಂತ..."

"ಅಪ್ಪ ಇವತ್ತು ಎದ್ದು ಕೇಳೋ ಹಾಗಿಲ್ಲವಲ್ಲ, ಅದಕ್ಕೇ ಬಂದಿದೀರಿ. ರೀ, ಆ ಪೆಟ್ಟಿಗೇಲಿ ಎಲ್ಲಾ ಇದ್ಯಾ ನೋಡಿ."

ಆತ್ರೇಯ ಮುಜುಗರದಿಂದಲೇ ಬಗ್ಗಿ ನೋಡಿದ. ಶಂಭುಲಿಂಗಪ್ಪನ ಕಣ್ಣು ಪಕ್ಕದ ರಿಲೇಯ ಮೇಲಿತ್ತು. ಹಾರ್ನಿನದನ್ನು ಕಿತ್ತ ಸಂದಿಯಲ್ಲಿ ಕಂಡ ಅದರ ಮಗ್ಗುಲಿಗೆ ಕೆಂಪು ಬಣ್ಣದಲ್ಲಿ 'ದೊ' ಎಂದು ಬರೆದಿತ್ತು.

*

ದೊರೆಸ್ವಾಮಿ ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹಾಲಿನವನ ಅಳತೆ, ಗ್ಯಾಸ್ ಸಿಲಿಂಡರಿನ ತೂಕ, ಡಾಕ್ಟರು ಬರೆದ ಚೀಟಿ, ಯಾವುದನ್ನೂ ಸುಮ್ಮನೆ ನಂಬಿದವರಲ್ಲ. ಇಪ್ಪತ್ತು ವರ್ಷ ತಮ್ಮ ಕಾರು ನೋಡಿಕೊಂಡ ಶಂಭುಲಿಂಗಪ್ಪನಿಗೆ ಮಾತ್ರ "ನಿನ್ನೊಬ್ಬನನ್ನ ನಂಬಿದೀನಿ ನೋಡು, ಶಂಭು" ಎನ್ನುತ್ತಿದ್ದರು. ಎಂದ ಮೇಲೂ ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಬಿಚ್ಚಿದ ಹಳೇ ಸಾಮಾನು ಅವರಿಗೆ ವಾಪಸು ಬರಬೇಕು. ಅದರ ಮೇಲೆ ಅವರ ಹೆಸರಿನ ಮೊದಲ ಅಕ್ಷರ ಬೀಳಬೇಕು.

ಎರಡು ವರ್ಷದ ಹಿಂದೆ ಪೆಟ್ರೋಲ್ ಪಂಪಿನ ರಿಲೇ ಒಮ್ಮೆ ಹಿಡಿದು ಒಮ್ಮೆ ಬಿಟ್ಟು ಕಾರು ದಾರಿಯಲ್ಲೇ ನಿಲ್ಲತೊಡಗಿತು. ಶಂಭುಲಿಂಗಪ್ಪ ಹೊಸದು ಹಾಕಿದ. ಅದಕ್ಕೂ ಮೊದಲೇ ದೊರೆಸ್ವಾಮಿ ಹಳೆಯದರ ಮಗ್ಗುಲಿಗೆ ಕೆಂಪು 'ದೊ' ಬರೆದು ಹೊಸದರ ಪಕ್ಕದಲ್ಲೇ ಇಟ್ಟಿದ್ದರು, ಕೆಲಸ ಮುಗಿದ ಮೇಲೆ ಉಳಿದದ್ದನ್ನು ಎತ್ತಿಟ್ಟರು. ನಾಲ್ಕೇ ದಿನಕ್ಕೆ ಕಾರು ಮತ್ತೆ ಕೆಟ್ಟು ನಿಂತಿತು. ಶಂಭುಲಿಂಗಪ್ಪ ಕೀ ತಿರುಗಿಸಿ ಕಿವಿಗೊಟ್ಟ. ರಿಲೇಯಿಂದ ಟಿಕ್ ಎನ್ನುವ ಸದ್ದಿಲ್ಲ. ಅದನ್ನು ಕಿತ್ತು, ಅದೇ ಅಳತೆಯ ಹಾರ್ನಿನ ರಿಲೇಯನ್ನು ಆ ಜಾಗಕ್ಕೆ ಹಾಕಿದ. ಇಂಜಿನ್ ಹಿಡಿಯಿತು. ಖುಷಿಯಿಂದ ಕಿತ್ತದ್ದನ್ನು ಮಗುಚಿ ನೋಡಿದರೆ ಕೆಂಪು 'ದೊ'.

"ಹಳೇದನ್ನೇ ಹಾಕಿದೀಯಲ್ಲೋ! ಇಪ್ಪತ್ತು ವರ್ಷದಿಂದ ಹೀಗೇನಾ?" ದೊರೆಸ್ವಾಮಿಯ ಕೂಗಿಗೆ ಎದುರು ಮನೆಯವರೆಲ್ಲ ಹೊರಗೆ ಬಂದರು. "ಮೊದಲಿದ್ದ ಹಾಗೇ ಹಾಕು. ಅದು ಅಲ್ಲೇ ಇರ್ಲಿ, ಸಾಕ್ಷಿಗೆ."

ಆಮೇಲೆ ಅವರು ಯಾವ ಮೆಕ್ಯಾನಿಕ್ಕಿಗೂ ಬಾನೆಟ್ ಎತ್ತಲು ಬಿಡಲಿಲ್ಲ. ವಾರಕ್ಕೊಮ್ಮೆ ಬ್ಯಾಟರಿ ಚಾರ್ಜ್ ಮಾಡಿ, ನಿಂತ ಕಾರಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಆ ರಸ್ತೆಯವರು ಶಂಭುಲಿಂಗಪ್ಪನಿಗೆ ಕೆಲಸ ಕೊಡುವುದನ್ನು ಬಿಟ್ಟರು. ದೊರೆಸ್ವಾಮಿಯೇ ಏನೋ ಆಟ ಹೂಡಿದರೆಂದು ಅವನು ಮೊದಮೊದಲು ಅಂದುಕೊಂಡ. ಆಮೇಲೆ ತನ್ನ ಕೈಯನ್ನೇ ಅನುಮಾನಿಸತೊಡಗಿದ. ಒಂದು ಬಲ್ಬ್ ಹಾಕಿದರೂ ಎರಡು ಸಲ ಬಿಚ್ಚಿ ನೋಡುತ್ತಿದ್ದ.

*

"ಶಂಭು, ಹಿತ್ತಿಲಿಗೆ ಬಾ."

ದೊರೆಸ್ವಾಮಿಯ ಹೆಂಡತಿ ಗೋದಮ್ಮ ಕರೆದಿದ್ದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು, ಸೆರಗಿನ ಗಂಟು ಬಿಚ್ಚಿ ಅವನ ಕೈಗೊಂದು ರಿಲೇ ಇಟ್ಟರು. ಗುರುತಿಲ್ಲದ್ದು, ಹೊಸದು.

"ನೀನು ಹಾಕಿದ್ದು ಇದು. ನಾನೇ ಬದಲಾಯಿಸ್ದೆ. ಅವರ ಜೊತೆ ನಿಂತು ನಾನೂ ನೋಡಿದ್ನಲ್ಲ, ಎಲ್ಲಿ ಕೀಳ್ಬೇಕು ಅಂತ."

ಶಂಭುಲಿಂಗಪ್ಪ ಅದನ್ನು ಮಗುಚಿ ನೋಡಿದ. "ಯಾಕಮ್ಮ?"

"ಅವರಿಗೆ ನೇರ ಎದುರಿಗಿದ್ದದ್ದು ಬಿಟ್ರೆ ಪಕ್ಕದ್ದು ಕಾಣ್ತಿರ್ಲಿಲ್ಲ ಕಣೋ. ಆ ವಾರ ಗಾಂಧಿ ಬಜಾರಲ್ಲಿ ಹೂವಿನವಳ ಬುಟ್ಟಿ ಮೇಲೆ ಕಾರು ಹತ್ತಿಸಿದ್ರು. ಒಂದು ಗೇಣು ಆ ಕಡೆ ಅವಳ ಕಾಲಿತ್ತು. ಅವಳೇ ಬೇಕಂತ ಬುಟ್ಟಿ ಇಟ್ಟಿದ್ಲು ಅಂತ ವಾದ. ಕಾರು ತಾನಾಗೇ ಕೆಟ್ರೆ ಸುಮ್ನಾಗ್ತಾರೆ ಅಂದ್ಕೊಂಡೆ. ನಿನ್ನ ಮೇಲೆ ಬರತ್ತೆ ಅಂತ ಹೊಳೀಲಿಲ್ಲ."

"ಬಂದ್ಮೇಲೆ?"

ಗೋದಮ್ಮ ಬಿಚ್ಚಿದ ಸೆರಗಿನ ತುದಿಗೆ ಮತ್ತೆ ಗಂಟು ಹಾಕಿದರು. "ಹೇಳೋಕಾಗ್ಲಿಲ್ಲ. ಅವರು ಒಂದ್ಸಲಾನೂ ಅನುಮಾನ ಪಡದೇ ಇದ್ದೋಳು ನಾನೊಬ್ಬಳೇ."

ಎರಡು ವರ್ಷದ ಸಿಟ್ಟನ್ನೆಲ್ಲ ಆಡಿಬಿಡಲು ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಸುಪ್ರಜಾ.

"ಕೈಯಲ್ಲೇನು? ಏನು ತಗೊಂಡ್ರಿ?"

ಅವಳ ಹಿಂದೆ ನೆಂಟರೂ ಇಣುಕಿದರು. ಶಂಭುಲಿಂಗಪ್ಪ ಗೋದಮ್ಮನ ಮುಖ ನೋಡಿದ. ಬೆಳಗಿನಿಂದ ಅತ್ತು ಊದಿದ ಕಣ್ಣು. ಮುಷ್ಟಿ ತಾನಾಗಿ ಮುಚ್ಚಿಕೊಂಡಿತು.

"ನನ್ನ ಸಾಮಾನೇ ಅಮ್ಮ. ಏನಿಲ್ಲ."

"ನಿಮ್ಮ ಸಾಮಾನು ನಮ್ಮನೇಲಿ ಯಾಕಿರತ್ತೆ?"

"ನಾನು ಬಚ್ಚಿಟ್ಟಿದ್ದೆ, ಅದಕ್ಕೇ ಇತ್ತು." ಗೋದಮ್ಮ ಮುಂದೆ ಬಂದರು. "ನಿಮ್ಮಪ್ಪನ ಕಾರು ಕೆಡಿಸಿದ್ದು ನಾನು, ಸುಪ್ರಜಾ. ಶಂಭು ಏನೂ ಮಾಡಿಲ್ಲ."

ಅವರ ದನಿ ಬೀದಿಯವರೆಗೂ ಕೇಳಿಸಿತು. ಸುಪ್ರಜಾ ತಾಯಿಯನ್ನೊಮ್ಮೆ, ಅವನ ಮುಷ್ಟಿಯನ್ನೊಮ್ಮೆ ನೋಡಿ ದಾರಿ ಬಿಟ್ಟಳು.

ಅಂಗಳದಲ್ಲಿ ದೊರೆಸ್ವಾಮಿಯವರನ್ನು ಚಟ್ಟದ ಮೇಲೆ ಮಲಗಿಸಿ ಆಗಿತ್ತು. ಯಾರೋ ಅವರಿಗೆ ಕನ್ನಡಕ ಹಾಕಿದ್ದರು. ನಾಲ್ವರು ಎತ್ತಲು ಬಗ್ಗಿದಾಗ ಗೋದಮ್ಮ ಕೈ ಅಡ್ಡ ಹಿಡಿದರು. ಕನ್ನಡಕ ತೆಗೆದು, ಎರಡೂ ಗಾಜನ್ನು ಸೆರಗಿನಿಂದ ನಿಧಾನವಾಗಿ ಒರೆಸಿ, ಮತ್ತೆ ಕಿವಿಗೆ ಸಿಕ್ಕಿಸಿದರು. ಆಮೇಲೆ ಪಕ್ಕಕ್ಕೆ ಕೂರದೆ, ಕಾಲ ಬಳಿ ಹೋಗಿ ಆ ಮುಖಕ್ಕೆ ನೇರ ಎದುರಾಗಿ ಕೂತರು. ಎತ್ತುವವರು ಬಗ್ಗಿದಂತೆಯೇ ಕಾದರು.