ಭಾವನ ಜೊತೆ ನೀರಿಗಿಳಿದ ದಿನ

ಬೆಳಗಾಗುವಷ್ಟರಲ್ಲಿ ಗಾಳಿ ತಿರುಗಿತ್ತು. ದಡದಿಂದ ಕಡಲಿಗೆ ಬೀಸಬೇಕಾದ್ದು ಕಡಲಿನಿಂದ ದಡಕ್ಕೆ ನುಗ್ಗಿ, ಏಳುವ ಅಲೆಯನ್ನೆಲ್ಲ ಬೆನ್ನಿಗೇ ಹೊಡೆದು ಮುರಿಯುತ್ತಿತ್ತು. ಭಾವ ತನ್ನ ಸರ್ಫಿಂಗ್ ಶಾಲೆಯ ಬಾಗಿಲ ಮೇಲೆ 'ಇವತ್ತು ಕ್ಲಾಸಿಲ್ಲ' ಎಂದು ಸೀಮೆಸುಣ್ಣದಲ್ಲಿ ಗೀಚಿ, ಅದೇ ಬಾಗಿಲನ್ನು ಒದ್ದ. ಗಾಳಿ ಕೆಟ್ಟ ದಿನ ಅವನ ಕೈ ಸುಮ್ಮನಿರುವುದಿಲ್ಲವೆಂದು ಮನೆಯವರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಒಳಗೆ ಅವನ ನಾದಿನಿ ಬೋರ್ಡುಗಳಿಗೆ ಮೇಣ ತಿಕ್ಕುತ್ತಿದ್ದಳು. ಹೊಸಬರಿಗೆ ಅಲೆಯ ಮೇಲೆ ನಿಲ್ಲಲು ಕಲಿಸುವವಳು ಅವಳೇ. ಅವಳ ಅಕ್ಕ ಮಣಿಕಟ್ಟಿಗೆ ಟವೆಲ್ ಸುತ್ತಿಕೊಂಡು ಬಂದಳು. ಬಕೆಟ್ ಎತ್ತಲು ಹೋಗಿ ಮುಖ ಕಿವುಚಿದಳು; ಟವೆಲ್ ಸರಿದು ಬೆರಳಿನ ಬಾಸುಂಡೆ ಕಂಡಿತು.

"ಏನಕ್ಕ ಇದು?"

"ಬಚ್ಚಲಲ್ಲಿ ಜಾರಿದೆ ಕಣೆ."

"ಬಚ್ಚಲಿಗೆ ಐದು ಬೆರಳಿದೆಯಾ?"

ಭಾವ ಬಾಗಿಲಲ್ಲೇ ನಿಂತಿದ್ದ. "ಗಂಡ ಹೆಂಡತಿ ಮಧ್ಯೆ ಮೂಗು ತೂರಿಸಬೇಡ. ಅಷ್ಟು ಪೊಗರಿದ್ರೆ ನೀರಿಗೆ ಬಾ."

ಅವಳು ಬೋರ್ಡು ಎತ್ತಿಕೊಂಡೇ ಬಿಟ್ಟಳು. ಇಬ್ಬರೂ ನೀರಿಗಿಳಿದರು.

ಕಡಲಿಗೆ ಒಂದು ಆಕಾರವೇ ಇರಲಿಲ್ಲ. ಗಿಡ್ಡ ಅಲೆಗಳು ದಿಕ್ಕುದಿಕ್ಕಿನಿಂದ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಬಹಳ ಹೊತ್ತಿನ ಮೇಲೆ ಒಂದೇ ಒಂದು ಅಲೆ ಸರಿಯಾಗಿ ಎದ್ದಿತು. ಅವಳು ಅದರ ಮೇಲೆ ನಿಂತಳೋ ಇಲ್ಲವೋ, ಭಾವ ಅದೇ ಅಲೆಯ ಮೇಲಿನಿಂದ ಅಡ್ಡ ನುಗ್ಗಿ ತನ್ನ ಬೋರ್ಡಿನ ಮೂತಿಯನ್ನು ಅವಳ ಹುಬ್ಬಿಗೇ ಹೊಡೆಸಿದ. ಅವಳು ನೀರಿಗೆ ಬಿದ್ದಳು, ಕಣ್ಣೊಳಗೆ ರಕ್ತ ಇಳಿಯಿತು.

"ಗಾಳಿ ಕಣೇ! ಏನ್ಮಾಡೋಕಾಗುತ್ತೆ!" ಅವನು ನಕ್ಕ.

ಅವನ ಕಾಲಿಗೂ ಬೋರ್ಡಿಗೂ ಕಟ್ಟಿದ್ದ ಹಗ್ಗ ಅವಳ ಕೈಗೆ ಸಿಕ್ಕಿತು. ಮುಂಗೈಗೆ ಸುತ್ತಿ ಎಳೆದಳು. ಅವನು ಮುಳುಗಿದ. ಒದ್ದ ಹಿಮ್ಮಡಿ ಅವಳ ಬಾಯಿಗೆ ಬಡಿದು ಒಂದು ಹಲ್ಲು ಅಲ್ಲಾಡಿತು. ಅವನು ಮೇಲೆದ್ದು ಅರ್ಧ ಉಸಿರೆಳೆಯುವಷ್ಟರಲ್ಲಿ ಎರಡೂ ಕೈಯಿಂದ ತಲೆ ಹಿಡಿದು ಮತ್ತೆ ಅದುಮಿದಳು. ಅವನ ಉಗುರುಗಳು ಅವಳ ಕುತ್ತಿಗೆ ಸೀಳಿದವು. ಆಮೇಲೆ ಆ ಕೈಗಳು ಸಡಿಲವಾಗತೊಡಗಿದವು. ಅವಳು ಬಿಡಲಿಲ್ಲ. ಕೊಲ್ಲಬೇಕೆಂದೇ ಹಿಡಿದಿದ್ದಳು, ಅದರಲ್ಲಿ ಸುಳ್ಳಿಲ್ಲ.

ಅವರನ್ನು ಬಿಡಿಸಿದ್ದು ಮುಂದಿನ ಅಲೆ. ಇಬ್ಬರನ್ನೂ ಎತ್ತಿ ಒಗೆಯಿತು. ಭಾವನ ಬೋರ್ಡು ತಿರುಗಿ ಬಿದ್ದು, ಅದರ ಅಡಿಗೆ ಜೋಡಿಸಿದ್ದ ಮೀನಿನ ರೆಕ್ಕೆಯಂಥ ಅಲಗು ಅವನ ಕೆನ್ನೆಯನ್ನು ಕಿವಿಯಿಂದ ಗದ್ದದವರೆಗೆ ಬಗೆಯಿತು. ಅವನು ಕಣ್ಣು ಕಾಣದವನ ಹಾಗೆ ತಡಕಾಡಿ ಅವಳ ತೋಳು ಹಿಡಿದ.

"ಬಿಡಬೇಡ ಕಣೇ... ಬಿಡಬೇಡ..."

ಆ ದನಿಗೆ ಅವಳ ಸಿಟ್ಟೆಲ್ಲ ಹೇಸಿಗೆಯಾಯಿತು. ಅವನನ್ನು ತನ್ನ ಬೋರ್ಡಿನ ಮೇಲೆ ಹೇರಿ ದಡಕ್ಕೆ ದಬ್ಬಿದಳು.

ಅಕ್ಕ ಓಡಿ ಬಂದವಳೇ ಸರಿಯಿದ್ದ ಕೈಯಿಂದ ತಂಗಿಯ ಕೆನ್ನೆಗೆ ಬಾರಿಸಿದಳು. "ಇವನು ಸತ್ತಿದ್ರೆ ನೀನು ಜೈಲಲ್ಲಿ ಕೊಳೀತಿದ್ದೆ! ಬುದ್ಧಿ ಬೇಡ್ವಾ?"

ಮರಳಲ್ಲಿ ಬಿದ್ದಿದ್ದ ಗಂಡ ಕೈ ಚಾಚಿದ. "ಎತ್ತೇ."

ಅಕ್ಕ ಆ ಕೈಯನ್ನು ನೋಡಿದಳು. "ಎತ್ತೋಕೆ ನನಗೆ ಕೈಯೆಲ್ಲಿ ಉಳಿಸಿದ್ದೀಯ?" ಎಂದು ತಂಗಿಯ ಭುಜ ಹಿಡಿದು ಹೊರಟಳು. ಅವನನ್ನು ಎತ್ತಿದ್ದು ಬಲೆ ಎಳೆಯಲು ಬಂದಿದ್ದ ಮೀನುಗಾರರು.

ಆಸ್ಪತ್ರೆಯ ಬೆಂಚಿನಲ್ಲಿ ಅಕ್ಕನ ಕೈಗೆ ಪಟ್ಟಿ, ತಂಗಿಯ ಹುಬ್ಬಿಗೆ ಹೊಲಿಗೆ. ಇನ್ನು ಆ ಮನೆಗೆ ಕಾಲಿಡುವುದಿಲ್ಲವೆಂದು ಅಕ್ಕ ಆಗಲೇ ಹೇಳಿಯಾಗಿತ್ತು.

"ಕೊಂದೇ ಬಿಡ್ತಿದ್ದೆ ಅಕ್ಕ."

"ಗೊತ್ತು," ಅಕ್ಕ ತಗ್ಗಿದ ದನಿಯಲ್ಲಿ ಹೇಳಿದಳು. "ದಡದಿಂದ ಎಲ್ಲ ಕಾಣ್ತಿತ್ತು. ಬೇಡ ಅಂತ ನಾನು ಕೂಗಬೇಕಿತ್ತು. ಕೂಗಲಿಲ್ಲ ಕಣೆ."