ಬಂಡೆಪ್ಪ ಕೊಟ್ಟ ಸಾಕ್ಷಿ

"ಈ ಹಳದಿ ಪೇಂಟು ಯಾರು ಹಚ್ಚಿದ್ದು?"

ಸರ್ವಿಸ್ ಸೆಂಟರಿನ ಅಡ್ವೈಸರ್ ಹಿಂದಿಯಲ್ಲಿ ಕೇಳಿದ. ವ್ಯಾನನ್ನು ಲಿಫ್ಟಿನ ಮೇಲೆ ತಲೆಯೆತ್ತರಕ್ಕೆ ಏರಿಸಿದ್ದರು. ಎಂಜಿನ್ನಿನ ಅಡಿಯಲ್ಲಿ, ಹಳೆಯ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟಿನ ಪಕ್ಕ, ಉಗುರಿನಷ್ಟಗಲ ಹಳದಿ ಬೊಟ್ಟು. ಅವನು ಅದಕ್ಕೆ ಟಾರ್ಚು ಬಿಟ್ಟು ಮೊಬೈಲಿನಲ್ಲಿ ಮೂರು ಫೋಟೊ ತೆಗೆದ. ಆ ಬೊಟ್ಟು ಯಾರದೆಂದು ಕೊರಗಪ್ಪನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಆದರೂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಜನ್ಮದಲ್ಲಿ ಮೊದಲ ಸಲ ಕಾಣುತ್ತಿರುವವನ ಹಾಗೆ ಕತ್ತೆತ್ತಿ ನೋಡಿದ.

"ಬಾಹರ್ ಕಾ ಹಾಥ್ ಲಗಾ ಹೈ, ಅಂಕಲ್."

ಹೊರಗಿನವರ ಕೈ ಬಿದ್ದ ಗಾಡಿಗೆ ವಾರಂಟಿ ಇಲ್ಲ. ಆಯಿಲ್ ಪೂರ್ತಿ ಸೋರಿಹೋಗಿ ಎಂಜಿನ್ ಜಾಮ್ ಆಗಿದೆ, ಹೊಸದೇ ಕೂರಿಸಬೇಕು, ಅದು ನಿಮ್ಮ ಖರ್ಚು. ಇಷ್ಟನ್ನೂ ಆ ಹುಡುಗ ನಗುನಗುತ್ತಲೇ ಹೇಳಿದ. ಎಸಿ ಕೋಣೆಯಲ್ಲಿ ಕೂರಿಸಿ, ಕಾಗದದ ಕಪ್ಪಿನಲ್ಲಿ ಕಾಫಿ ಕೊಟ್ಟು, ಆಮೇಲೆ ಕತ್ತು ಕೊಯ್ಯುವುದನ್ನು ಇವರಿಂದ ಕಲಿಯಬೇಕು.

ಕೊರಗಪ್ಪನ ಅನ್ನವೆಲ್ಲ ಆ ವ್ಯಾನಿನ ಮೇಲಿತ್ತು. ಉಡುಪಿ ಕಡೆಯಿಂದ ಬಂದು ಹತ್ತು ಹೋಟೆಲುಗಳಲ್ಲಿ ಮೈ ಸವೆಸಿದ ಮೇಲೆ ಸ್ವಂತದ್ದೊಂದು ಅಡಿಗೆಮನೆ ಮಾಡಿಕೊಂಡು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಮೂರು ಫ್ಯಾಕ್ಟರಿ ಕ್ಯಾಂಟೀನುಗಳಿಗೆ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಇಡ್ಲಿ, ವಡೆ, ಸಾಂಬಾರು ಮುಟ್ಟಿಸುತ್ತಿದ್ದ. ಗಾಡಿ ಕೆಟ್ಟು ನಾಲ್ಕು ದಿನವಾಗಿತ್ತು. ಬಾಡಿಗೆಯ ಟೆಂಪೊದವನು ಎರಡು ದಿನ ತಡ ಮಾಡಿ, ಮೂರನೆಯ ದಿನ ಬರಲೇ ಇಲ್ಲ. ಒಂದು ಕ್ಯಾಂಟೀನಿನ ಮ್ಯಾನೇಜರ್ ಆಗಲೇ ಬೇರೆಯವರನ್ನು ನೋಡುತ್ತೇನೆಂದು ಫೋನು ಮಾಡಿದ್ದ.

ಹಳೆಯ ವ್ಯಾನಿದ್ದಾಗ ಇಂಥ ತಲೆಬಿಸಿ ಇರಲಿಲ್ಲ. ಹದಿನೆಂಟು ವರ್ಷ ಅದನ್ನು ನೋಡಿಕೊಂಡವನು ಮಲಾಡಿನ ಗಲ್ಲಿಯೊಂದರಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಬಂಡೆಪ್ಪ, ಅಫಜಲಪುರದ ಕಡೆಯವನು. ಬಿಚ್ಚಿದ ಹಳೆ ಸಾಮಾನನ್ನು ಗಿರಾಕಿಯ ಕೈಗಿಟ್ಟು, ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ ತೋರಿಸದೆ ಹೊಸದನ್ನು ಹಾಕುತ್ತಿರಲಿಲ್ಲ. ಹೊಸ ವ್ಯಾನು ಬಂದಾಗ ಮಗಳು ಶ್ರೇಯಾ ಕಡ್ಡಿ ಮುರಿದಂತೆ ಹೇಳಿದಳು. ಘಾಟ್ಕೋಪರಿನ ವಿಮಾ ಆಫೀಸಿನಲ್ಲಿ ಕೆಲಸ ಮಾಡುವವಳಿಗೆ ಕಾಗದಪತ್ರದ ಕಾನೂನು ಅಪ್ಪನಿಗಿಂತ ಚೆನ್ನಾಗಿ ಗೊತ್ತು.

"ಪಪ್ಪಾ, ಪ್ರಾಮಿಸ್ ಮಾಡಿ. ತೀನ್ ಸಾಲ್ ಕಂಪನಿ ಸರ್ವಿಸ್ ಓನ್ಲಿ. ಆ ಬಂಡೆಪ್ಪ ಅಂಕಲ್ ಹತ್ರ ಬಿಲ್ಕುಲ್ ಹೋಗ್ಬೇಡಿ."

ಕೊರಗಪ್ಪ ಮಾತು ಕೊಟ್ಟ. ಉಳಿಸಿಕೊಳ್ಳಲಿಲ್ಲ. ಆಯುಧಪೂಜೆಯ ದಿನ ಬಂಡೆಪ್ಪ ಫೋನು ಮಾಡಿ, "ಅಣ್ಣಾರ, ಗಾಡಿ ತರ್ರಿ, ಭಾಗವ್ವ ಹೋಳಿಗಿ ಮಾಡ್ಯಾಳ" ಎಂದಾಗ ಒಲ್ಲೆನೆನ್ನಲು ಬಾಯಿ ಬರಲಿಲ್ಲ. ಮಗಳಿಗೆ ಹೇಳದೆ ಹೋದ. ಬಂಡೆಪ್ಪನದೊಂದು ಪದ್ಧತಿ ಇತ್ತು. ಹಬ್ಬಕ್ಕೆ ಬಂದ ಗಾಡಿಗೆ ಬರೀ ಹೂವು ಏರಿಸಿ ಕಳಿಸುವವನಲ್ಲ. ಹೊಸ ಅಂಗಿಯಲ್ಲೇ ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ತೂರಿ, ಒಮ್ಮೆ ಕಣ್ಣಾಡಿಸಿಯೇ ಹೊರಗೆ ಬರುವುದು. ಅಂದು ಹೊರಗೆ ಬಂದಾಗ ಮುಖ ಗಂಟಾಗಿತ್ತು.

"ಅಣ್ಣಾರ, ಬೋಲ್ಟಿನ ಬುಡದಾಗ ಆಯಿಲ್ ಜಿನುಗಲಿಕತ್ತದ. ಸರ್ವಿಸ್ ಮಾಡಿದವ್ರು ವಾಶರ್ ಹಳೇದೇ ಬಿಟ್ಟಾರ ನೋಡ್ರಿ. ನಾ ಬಿಚ್ಚಂಗಿಲ್ಲ, ನಿಮ್ಮ ವಾರಂಟಿ ಹೋಗ್ತದ. ಗುರುತು ಹಚ್ಚೀನಿ. ಹಬ್ಬ ಮುಗದ ಮ್ಯಾಲ ಒಯ್ದು, ಇಲ್ಲೇ ನೋಡ್ರಪ ಅಂತ ಅವ್ರಿಗೆ ತೋರಸ್ರಿ."

ಕೊರಗಪ್ಪ ಹೂಂ ಎಂದು ಎರಡು ಹೋಳಿಗೆ ತಿಂದು ಮನೆಗೆ ಬಂದ. ಸರ್ವಿಸ್ ಸೆಂಟರಿಗೆ ಹೋದರೆ ಮೆಸೇಜು ಶ್ರೇಯಾಳ ಮೊಬೈಲಿಗೆ ಬರುತ್ತದೆ. ಸೋರುತ್ತದೆಂದು ಯಾರು ಹೇಳಿದ್ದು ಎಂದು ಅವಳು ಕೇಳುತ್ತಾಳೆ. ಮುಂದಿನ ಸರ್ವಿಸಿಗೆ ಹೇಗೂ ಎರಡು ತಿಂಗಳಿದೆ, ಆಗ ನೋಡಿದರಾಯಿತು. ಮಗಳಿಗೆ ಹೆದರಿ ಸುಮ್ಮನಿದ್ದ, ಅಷ್ಟೇ. ಆಮೇಲೊಂದು ಬೆಳಿಗ್ಗೆ ಸ್ಟೇರಿಂಗಿನ ಮುಂದೆ ಆಯಿಲಿನ ಕೆಂಪು ದೀಪ ಹತ್ತಿತು. ಏಳೂ ಕಾಲಾಗಿತ್ತು. ಇನ್ನೆರಡು ಸಿಗ್ನಲ್ ಎಂದು ಓಡಿಸಿದ. ಎರಡನೆಯ ಸಿಗ್ನಲಿನಲ್ಲಿ ಎಂಜಿನ್ ಗಕ್ಕನೆ ನಿಂತಿತು, ಹಿಂದೆ ನಾನೂರು ಇಡ್ಲಿ ತಣ್ಣಗಾದವು.

ಈಗ ಹೇಳಿ, ಇದರಲ್ಲಿ ಬಂಡೆಪ್ಪನ ತಪ್ಪು ಎಷ್ಟು? ಒಂದು ಬೊಟ್ಟು ಪೇಂಟಿನಷ್ಟು.

ಕೊರಗಪ್ಪ ಕುರ್ಚಿ ಬಿಟ್ಟು ಏಳದ್ದನ್ನು ಕಂಡು ಅಡ್ವೈಸರ್ ದನಿ ತಗ್ಗಿಸಿದ. ಒಂದು ದಾರಿ ಇದೆ ಅಂಕಲ್. ಮಾಲೀಕರನ್ನು ಕೇಳದೆ ನಾನೇ ಬೋಲ್ಟು ಬಿಚ್ಚಿದೆ, ಸರಿಯಾಗಿ ಕೂರಿಸಲಿಲ್ಲ ಎಂದು ಆ ಮೆಕ್ಯಾನಿಕ್ಕೇ ಬರೆದು ಸಹಿ ಹಾಕಿ ಮೊಹರು ಒತ್ತಿಕೊಟ್ಟರೆ, ನಿಮ್ಮ ಕಡೆಯಿಂದ ತಪ್ಪಿಲ್ಲವೆಂದಾಗುತ್ತದೆ. ಮ್ಯಾನೇಜರ್ ಮೇಲಕ್ಕೆ ಕಳಿಸುತ್ತಾರೆ. ಹೀಗೆಂದು ಕಂಪನಿಯ ಬಣ್ಣದ ಲಾಂಛನವಿದ್ದ ಒಂದು ಫಾರ್ಮು ಕೊಟ್ಟ. ತಮ್ಮವರು ಬಿಟ್ಟ ಹಳೆ ವಾಶರಿನ ಸುದ್ದಿಯನ್ನು ಅವನೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಎತ್ತಿದರೆ ತಿಂಗಳುಗಟ್ಟಲೆ ಜಗಳ. ಕ್ಯಾಂಟೀನು ಅಲ್ಲಿವರೆಗೆ ಕಾಯುತ್ತದೆಯೆ?

ಮನೆಯಲ್ಲಿ ಶ್ರೇಯಾ ಲ್ಯಾಪ್‌ಟಾಪು ತೆರೆದು ಕೂತಳು.

"ಸಚ್ ಬತಾವೋ ಪಪ್ಪಾ, ಅವರೇ ಓಪನ್ ಮಾಡಿದ್ದಾ?"

"ಹೌದು ಮಗಾ. ನಾನು ಆಚೆ ಚಾ ಕುಡೀತಾ ಇದ್ದೆ. ಅವ ಎಂತ ಮಾಡಿದ ಅಂತ ನಂಗೆ ಗೊತ್ತೇ ಆಗ್ಲಿಲ್ಲ."

"ಐ ಟೋಲ್ಡ್ ಯೂ!" ಎಂದು ಅವಳು ಟೈಪು ಮಾಡತೊಡಗಿದಳು. ಅಲಕ್ಷ್ಯ, ಅನುಮತಿ ಇಲ್ಲದೆ, ಸಂಪೂರ್ಣ ಹೊಣೆ ನನ್ನದು. ಇಂಗ್ಲಿಷಿನಲ್ಲಿ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿ ಅಪ್ಪನಿಗೆ ಅರ್ಥ ಹೇಳಿ, ಕಂಪನಿಯ ಫಾರ್ಮಿನ ಮೇಲೇ ಪ್ರಿಂಟು ತೆಗೆದಳು. ಅವನಿಗೆ ಎಲ್ಲ ಅರ್ಥವಾಯಿತು.

ಮರುದಿನ ಶೆಡ್ಡಿನಲ್ಲಿ ಬಂಡೆಪ್ಪ ಕಾಗದ ಹಿಡಿದುಕೊಳ್ಳುವ ಮೊದಲು ಕೈಗೆ ಪೆಟ್ರೋಲು ಹಚ್ಚಿ, ಸಾಬೂನು ಹಾಕಿ ತೊಳೆದುಕೊಂಡ. ಅವನಿಗೆ ಕನ್ನಡ ಬರುತ್ತಿತ್ತು, ಹಿಂದಿಯ ಬೋರ್ಡು ಓದುತ್ತಿದ್ದ. ಇಂಗ್ಲಿಷಿನಲ್ಲಿ ಗಾಡಿ ನಂಬರಿನಾಚೆ ಏನೂ ಇಲ್ಲ.

"ಕಂಪನಿಯವ್ರ ಕಾಗದ ಏನ್ರೀ ಇದು? ಏನ್ ಬರದಾರ?"

"ಹಬ್ಬದ ದಿನ ಸೋರೋದನ್ನು ಕಂಡುಹಿಡಿದವ ನೀನೇ ಅಂತ. ನಿನ್ನ ಸಾಕ್ಷಿ ಬೇಕಂತೆ ಮಾರಾಯ."

"ನನ್ನ ಸಾಕ್ಷಿ?" ಬಂಡೆಪ್ಪ ಹೆಂಡತಿಯತ್ತ ತಿರುಗಿದ. "ಕೇಳಿದೇನ?"

ಭಾಗವ್ವ ಚಹದ ಲೋಟ ಕೆಳಗಿಟ್ಟಳು. "ಓದಿ ಹೇಳ್ರಿ ಅಣ್ಣಾರ, ನಾವೂ ಕೇಳ್ತೀವಿ."

ಕೊರಗಪ್ಪ ಓದಿದ. ಇಂಗ್ಲಿಷ್ ಸಾಲುಗಳ ಮೇಲೆ ಬೆರಳು ಸರಿಸುತ್ತ, ಅಲ್ಲಿ ಇಲ್ಲದ ಕನ್ನಡವನ್ನು ನಿಧಾನವಾಗಿ ಓದಿದ. ಹದಿನೆಂಟು ವರ್ಷದ ಅನುಭವಸ್ಥರಾದ ಶ್ರೀ ಬಂಡೆಪ್ಪನವರು. ವಾಶರ್ ಹಳೆಯದೆಂದು ಮೊದಲೇ ತಿಳಿಸಿದವರು. ನಡುವೆ ನೀರು ಕುಡಿದು ಮತ್ತೆ ಓದಿದ. ಇಷ್ಟು ಸುಲಭವಾಗಿ ತನ್ನ ಬಾಯಲ್ಲಿ ಸುಳ್ಳು ಹೊರಡುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಬೆರಳು ಮಾತ್ರ ಕೊನೆಯ ಸಾಲಿನವರೆಗೂ ಸರಿಯಿತು.

"ಶ್ರೀ ಅಂತ ಬರದಾರ್ರಿ?" ಎಂದು ಭಾಗವ್ವ ಕೇಳಿದಳು.

"ಹೌದಮ್ಮ."

ಬಂಡೆಪ್ಪ ಗೂಡಿನಿಂದ ಮೊಹರು ತೆಗೆದು, ಪುಸ್ತಕದ ಹಾಳೆಯ ಮೇಲೆ ಎರಡು ಸಲ ಒತ್ತಿ ನೋಡಿ, ಆಮೇಲೆ ಫಾರ್ಮಿನ ಮೇಲೆ ಒತ್ತಿದ. ಕನ್ನಡದಲ್ಲಿ ಸಹಿ ಹಾಕಿದ. ಕೊರಗಪ್ಪ ಕೈ ಚಾಚಿದರೂ ಕಾಗದ ಕೊಡಲಿಲ್ಲ.

"ತಡೀರಿ ಅಣ್ಣಾರ, ಒಂದ್ ಝೆರಾಕ್ಸ್ ತೆಗಸ್ಕೊಂಡು ಬರ್ತೀನಿ."

"ಅದೆಲ್ಲ ಎಂತಕ್ಕೆ ಮಾರಾಯ?"

"ನಮ್ಮಂಥವ್ರನ್ನ ಕಂಪನಿಯವ್ರು ಯಾವಾಗ ಕೇಳ್ತಾರ್ರಿ? ಇರಲಿ ನನ್ನ ಕಡೆ ಒಂದು. ಕಲರ್ದಾಗೇ ತೆಗಸ್ತೀನಿ."

ತಡೆಯಬೇಕಾದರೆ ನಿಜ ಹೇಳಬೇಕಿತ್ತು. ಬಂಡೆಪ್ಪ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆ ದಾಟುವುದನ್ನು ಕೊರಗಪ್ಪ ಚಹ ಮುಗಿಸುತ್ತ ನೋಡಿದ.

ಹತ್ತೇ ದಿನಕ್ಕೆ ಕಂಪನಿಯ ಖರ್ಚಿನಲ್ಲೇ ಹೊಸ ಎಂಜಿನ್ ಬಂತು. ಕ್ಯಾಂಟೀನು ಮೂರೂ ಉಳಿದವು. ಶ್ರೇಯಾ ಸಿಹಿ ತಂದಳು. ಬಂಡೆಪ್ಪ ಎರಡು ಸಲ ಫೋನು ಮಾಡಿದ, ಕೊರಗಪ್ಪ ಎತ್ತಲಿಲ್ಲ. ಮಲಾಡಿನ ಆ ಗಲ್ಲಿ ಹತ್ತಿರದ ದಾರಿಯಾದರೂ ಮುಖ್ಯ ರಸ್ತೆಯ ಟ್ರಾಫಿಕ್ಕಿನಲ್ಲೇ ಕಾಲು ಗಂಟೆ ಹೆಚ್ಚು ನಿಂತು ಮನೆಗೆ ಬರುತ್ತಿದ್ದ.

ತಿಂಗಳ ಮೇಲೆ ಮುಖ್ಯ ರಸ್ತೆಯನ್ನು ಅಗೆದು ಹಾಕಿ, ಗಾಡಿಗಳನ್ನೆಲ್ಲ ಗಲ್ಲಿಗೆ ತಿರುಗಿಸಿದರು. ಸಾಲು ಸರಿಯಾಗಿ ಶೆಡ್ಡಿನ ಎದುರಿಗೇ ನಿಂತಿತು. ಕೊರಗಪ್ಪ ತಲೆ ತಗ್ಗಿಸಿ, ಓರೆಗಣ್ಣಿನಲ್ಲಿ ಒಳಗೆ ನೋಡಿದ. ದೇವರ ಫೋಟೊದ ಪಕ್ಕ ಆ ಕಾಗದದ ಝೆರಾಕ್ಸ್ ತೂಗುತ್ತಿತ್ತು. ಲ್ಯಾಮಿನೇಷನ್ ಮಾಡಿಸಿದ್ದ, ಕಂಪನಿಯ ಲಾಂಛನ ರಸ್ತೆಗೂ ಕಾಣುತ್ತಿತ್ತು. ಕಾರು ರಿಪೇರಿಗೆ ತಂದಿದ್ದ ಯುವತಿಯೊಬ್ಬಳು ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಅದರ ಮುಂದೆ ನಿಂತು ಓದುತ್ತಿದ್ದಳು. ಬಂಡೆಪ್ಪ ಅವಳ ಹಿಂದೆ, ಕೈಯನ್ನು ಚೆನ್ನಾಗಿ ಒರೆಸಿಕೊಂಡು, ಓದಿ ಮುಗಿಯಲೆಂದು ನಗುಮುಖದಿಂದ ಕಾಯುತ್ತಿದ್ದ.

ಅವಳು ಕೊನೆಯ ಸಾಲಿನವರೆಗೂ ಓದಿ, ತಿರುಗಿ, ಅವನ ಮುಖ ನೋಡಿದಳು. ಬಂಡೆಪ್ಪ ಕೀಲಿಗೆ ಕೈ ಚಾಚಿದ. ಅವಳು ಏನೋ ಹೇಳಿ ಕೀಲಿಯನ್ನು ಪರ್ಸಿಗೆ ಹಾಕಿಕೊಂಡು ಕಾರಿನ ಕಡೆ ನಡೆದಳು. ಹಿಂದಿನ ಟೆಂಪೊ ಹಾರ್ನು ಹೊಡೆಯಿತು, ಸಾಲು ಮುಂದಕ್ಕೆ ಸರಿಯಿತು. ಬಂಡೆಪ್ಪನ ಕೈ ಇನ್ನೂ ಚಾಚಿಯೇ ಇತ್ತು.